‘ಹೆದ್ರಿಕೆ ಏನಿಲ್ಲ ಬಿಡಪ್ಪ’

ಸೂಳೆಕೆರೆ ಎನ್ನಲು ಮುಜುಗರಪಟ್ಟವರು ಶಾಂತಿಸಾಗರ ಎಂದು ಹೆಸರಿಟ್ಟರು. ಚನ್ನಗಿರಿ ಬಸ್ಸಿನಲ್ಲಿ ಟಿಕೆಟ್ ಕೇಳುವವರ ಬಾಯಲ್ಲಿ ಇನ್ನೂ ಹಳೆಯ ಹೆಸರೇ. ಊರ ಕಥೆಯ ಪ್ರಕಾರ ರಾಜನ ಮಗಳು ಶಾಂತವ್ವ ಸಿದ್ಧೇಶ್ವರನ ಸಂಗ ಬಯಸಿ ಹೋದಳು. ಹೆತ್ತ ಅಪ್ಪನೇ ಅವಳನ್ನು ಸೂಳೆ ಅಂದ. ಆ ಕಳಂಕ ತೊಳೆಯಲು ಅವಳು ಕೆರೆ ಕಟ್ಟಿಸಿದಳು. 6,000 ಎಕರೆಗೂ ಮೀರಿ ನೀರು ನಿಂತಿತು, ಮಾತು ಮಾತ್ರ ಹೋಗಲಿಲ್ಲ.

ಹೊಸಿಲು ದಾಟಿದ ಹೆಣ್ಣಿಗೆ ಜೀವಕ್ಕಿಂತ ಮೊದಲು ಹೆಸರಿನ ಚಿಂತೆ. ಅಪರಾಧದ ಭಯವನ್ನು ಅಳೆಯುವ ಶಾಸ್ತ್ರ ಈ ಮಾತಿಗೆ ಬಂದು ಮುಟ್ಟಲು ನಲವತ್ತು ವರ್ಷ ಹಿಡಿಯಿತು.

ಅಳತೆ ಶುರುವಾದದ್ದು ಅಮೆರಿಕದಲ್ಲಿ. ಅಧ್ಯಕ್ಷ ಜಾನ್ಸನ್ ನೇಮಿಸಿದ್ದ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಆಮೇಲೆ ಸಮೀಕ್ಷೆಗಳಲ್ಲಿ ಒಂದು ಪ್ರಶ್ನೆ ಬೇರುಬಿಟ್ಟಿತು: ರಾತ್ರಿ ನಿಮ್ಮ ಬೀದಿಯಲ್ಲಿ ಒಬ್ಬರೇ ನಡೆಯಲು ಹೆದರಿಕೆಯೇ? ಹೋದಲ್ಲೆಲ್ಲ ಕಂಡದ್ದು ಒಂದೇ ಚಿತ್ರ. ಬೀದಿಯಲ್ಲಿ ಪೆಟ್ಟು ತಿನ್ನುವವರು ಹೆಚ್ಚಾಗಿ ಹರೆಯದ ಗಂಡಸರು, ಹೆದರುವವರು ಹೆಚ್ಚಾಗಿ ಹೆಂಗಸರು. ಇದೊಂದು ವಿರೋಧಾಭಾಸ ಎಂದರು. ಹೆಂಗಸರದು ಬುಡವಿಲ್ಲದ ಅಂಜಿಕೆ ಎಂದವರೂ ಇದ್ದರು.

ಈ ಗಂಟು ಸಡಿಲಾದದ್ದು 1980ರ ದಶಕದಲ್ಲಿ. ಸಿಯಾಟಲ್ ನಗರದಲ್ಲಿ ಮಾಹಿತಿ ಕಲೆಹಾಕಿದ ಮಾರ್ಕ್ ವಾರ್, ಹೆಂಗಸರಿಗೆ ಕಳ್ಳತನದ ಭಯದ ಒಳಗೂ ಅತ್ಯಾಚಾರದ ಭಯ ಕೂತಿರುತ್ತದೆ ಎಂದು ತೋರಿಸಿದರು. 1996ರಲ್ಲಿ ಕೆನೆತ್ ಫೆರಾರೊ ಇದನ್ನೇ ಲೈಂಗಿಕ ದಾಳಿಯ ನೆರಳು ಎಂದು ಕರೆದರು. 2024ರಲ್ಲಿ ನಮ್ಮ ಕಡೆಯ ನ್ಯಾಮತಿಯ ಬ್ಯಾಂಕಿನಿಂದ 17 ಕಿಲೋಗೂ ಹೆಚ್ಚು ಬಂಗಾರ ಕಳುವಾಯಿತು. ಅಂಥ ನಷ್ಟವನ್ನು ತೂಕ ಹಾಕಬಹುದು. ಮನೆಗೆ ಕಳ್ಳ ನುಗ್ಗಿದಾಗ ಒಂಟಿ ಹೆಂಗಸಿಗೆ ಏನೇನು ಹೋದೀತು ಎಂಬುದಕ್ಕೆ ಯಾವ ತಕ್ಕಡಿ?

ವಾರ್ ಬರೆಯುತ್ತಿದ್ದ ಕಾಲದಲ್ಲೇ ಸಂಶೋಧಕಿ ಎಲಿಜಬೆತ್ ಸ್ಟ್ಯಾಂಕೊ ಇನ್ನೂ ಮೊನಚಾದ ಮಾತಾಡಿದರು: ನೀವು ಬೀದಿಯ ಬಗ್ಗೆ ಕೇಳುತ್ತಿದ್ದೀರಿ, ಮನೆಯ ಬಗ್ಗೆ ಕೇಳುತ್ತಿಲ್ಲ. ನಮ್ಮ ಲೆಕ್ಕ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ‘ಕತ್ತಲಾಗೋದ್ರೊಳಗೆ ಮನೆ ಸೇರ್ಕೋ’ ಎನ್ನುವ ನಾವೆಲ್ಲ ಅವರನ್ನು ಕಳಿಸುವುದು ಅಲ್ಲಿಗೇ.

ಗಂಡಸರ ಉತ್ತರವನ್ನು ಯಾರೂ ಬಹುಕಾಲ ಅನುಮಾನಿಸಲಿಲ್ಲ. 2005ರಲ್ಲಿ ಸಟನ್ ಮತ್ತು ಫ್ಯಾರಲ್ ಎಂಬಿಬ್ಬರು ಸಂಶೋಧಕರು, ನಾಲ್ಕು ಜನ ಮೆಚ್ಚುವ ಉತ್ತರ ಕೊಡುವ ಚಾಳಿಯನ್ನೂ ಲೆಕ್ಕಕ್ಕೆ ಹಿಡಿದರು. ಆಗ ಗಂಡಸರ ಧೈರ್ಯ ಕರಗಿತು. ಮೀಸೆ ಹೊತ್ತವನು ಸಮೀಕ್ಷೆಯವರ ಮುಂದೆ ‘ಹೆದರ್ತೀನಿ’ ಅಂದಾನೆಯೇ!

ಹೆಂಗಸರ ಮುನ್ನೆಚ್ಚರಿಕೆಯ ಅಧ್ಯಯನ ಮೊದಲು ಎರಡು ದಾರಿ ಗುರುತಿಸಿತ್ತು. ಸ್ಟೆಫನಿ ರೈಗರ್, ಮಾರ್ಗರೆಟ್ ಗಾರ್ಡನ್ ಹೇಳಿದಂತೆ ಒಂದು ಹೊರಗೇ ಹೋಗದಿರುವುದು, ಇನ್ನೊಂದು ಹೋದರೂ ಹುಷಾರಾಗಿರುವುದು. 2011ರಲ್ಲಿ ‘ವೈ ಲಾಯ್ಟರ್?’ ಪುಸ್ತಕ ಬರೆದ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಮೂರನೆಯದನ್ನು ಕಂಡರು: ‘ಏನೋ ಕೆಲಸದ ಮೇಲೆ ಬಂದಿದ್ದೇನೆ’ ಎಂದು ತೋರಿಸಿಕೊಳ್ಳುವುದು. ಸುಮ್ಮನೆ ಅಡ್ಡಾಡುವ ಹೆಣ್ಣಿಗೆ ಸುರಕ್ಷತೆಗಿಂತ ಮೊದಲು ಮರ್ಯಾದೆಯ ಪ್ರಶ್ನೆ ಎದುರಾಗುತ್ತದೆ. ಅವರು ಬರೆದದ್ದು ಮುಂಬೈ ಬಗ್ಗೆ. ನನಗೆ ಓದುತ್ತಾ ಹೋದಂತೆ ಶಾಂತವ್ವನೇ ಕಂಡಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಗಿದೆ. ಎಲ್ಲಿಗೆ, ಯಾಕೆ ಎಂಬ ಪ್ರಶ್ನೆ ಪುಕ್ಕಟೆಯಾಗಿ ಮೊದಲಿನಿಂದಲೂ ಇದೆ.

ಅಡಿಕೆ ಸುಗ್ಗಿಯಲ್ಲಿ ಸುಲಿಯಲು ಹೋಗುವ ನಮ್ಮ ಚಿಕ್ಕಮ್ಮನಿಗೆ ಒಂದು ಸಂಜೆ ಸಮೀಕ್ಷೆಯ ಆ ಹಳೇ ಪ್ರಶ್ನೆಯನ್ನೇ ಹಾಕಿದೆ. ‘ಹೆದ್ರಿಕೆ ಏನಿಲ್ಲ ಬಿಡಪ್ಪ’ ಅಂದಳು. ಫಾರಂ ಇದ್ದಿದ್ದರೆ ‘ಭಯವಿಲ್ಲ’ ಎಂಬ ಚೌಕಕ್ಕೆ ಗುರುತು ಬೀಳುತ್ತಿತ್ತು. ತಾಳಿಸರ ರವಿಕೆಯೊಳಗೆ ಸೇರಿತ್ತು. ಬಳೆಗೆ ಎರಡು ಪಿನ್ನು ನೇತಾಡುತ್ತಿದ್ದವು. ಯಾಕೆ ಎರಡು ಎಂದೆ.

‘ಒಂದು ಸೆರಗಿಗೆ. ಇನ್ನೊಂದು, ಬಸ್ನಾಗೆ ಹಿಂದೆ ನಿಂತ್ಕಳೋರಿಗೆ.’

ಕತ್ತಲಾದ ಮೇಲೆ ಕೆರೆ ಏರಿ ಮೇಲೆ ಬರಬೇಕಾದರೆ?

‘ಕತ್ತಲಾದ್ಮೇಲೆ ನಾವ್ ಯಾಕೆ ಬರ್ತೀವೋ?’ ಎಂದು ನನ್ನನ್ನೇ ದಡ್ಡನಂತೆ ನೋಡಿ, ಜೊತೆಯ ಮೂವರನ್ನು ಕೂಗಿ ಕರೆದು ಆಟೋ ಹತ್ತಿದಳು.