ಕ್ಷ-ಕಿರಣ ಪರೀಕ್ಷೆಯ ಗುಣದೋಷ ವಿವೇಚನೆ

ರೋಗನಿರ್ಣಯದಲ್ಲಿ ಕ್ಷ-ಕಿರಣದ ಉಪಯೋಗವೂ ಅದರ ಅಪಾಯವೂ ಏಕಕಾಲದಲ್ಲಿ ಜನರ ಅರಿವಿಗೆ ಬಂದವು. ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್‌ಜೆನ್ ಪಂಡಿತನು ೧೮೯೫ನೆಯ ನವೆಂಬರ್ ೮ರಂದು ಈ ಕಿರಣವನ್ನು ಕಂಡುಹಿಡಿದನು. ಮರುವರ್ಷವೇ ವೈದ್ಯರು ಮುರಿದ ಎಲುಬನ್ನೂ ಮೈಯೊಳಗೆ ಹೊಕ್ಕ ಗುಂಡನ್ನೂ ಇದರಿಂದ ಗುರುತಿಸತೊಡಗಿದರು. ಚರ್ಮವು ಸುಟ್ಟು ಕೂದಲು ಉದುರಿದ ವರದಿಗಳೂ ಅದೇ ವರ್ಷ ಹೊರಟವು. ಅಮೆರಿಕದಲ್ಲಿ ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡ್ಯಾಲಿಯು ತೋಳುಗಳನ್ನು ಕಳೆದುಕೊಂಡು ೧೯೦೪ರಲ್ಲಿ ಮೃತನಾದನು. ಕ್ಷ-ಕಿರಣ ಮತ್ತು ರೇಡಿಯಂಗಳ ಕೆಲಸದಲ್ಲಿ ಮಡಿದವರಿಗಾಗಿ ಹ್ಯಾಂಬರ್ಗಿನಲ್ಲಿ ೧೯೩೬ರಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಆಗ ೧೬೯ ಹೆಸರುಗಳಿದ್ದವು. ಹಾನಿಯು ಕಣ್ಣಿಗೆ ಕಾಣುವಂತಿದ್ದುದರಿಂದ ಅದಕ್ಕೆ ಪ್ರತೀಕಾರವೂ ಹುಟ್ಟಿತು. ಕಿರಣರಕ್ಷಣೆಯ ಅಂತರರಾಷ್ಟ್ರೀಯ ಸಮಿತಿಯು ೧೯೨೮ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿತವಾಯಿತು.

ಶರೀರವನ್ನು ಪದರಪದರವಾಗಿ ತೋರಿಸುವ ಸಿ.ಟಿ. ಪರೀಕ್ಷೆಯು ಈ ವಿವೇಚನೆಗೆ ಬೇರೊಂದು ರೂಪವನ್ನು ಕೊಟ್ಟಿತು. ಮೊದಲು ಮೆದುಳಿನ ಗೆಡ್ಡೆಯನ್ನು ಅರಿಯಬೇಕಾದರೆ ಬೆನ್ನೆಲುಬಿನೊಳಗಣ ದ್ರವವನ್ನು ತೆಗೆದು ಗಾಳಿಯನ್ನು ತುಂಬಿ ಚಿತ್ರ ತೆಗೆಯುವ ಪದ್ಧತಿಯಿದ್ದಿತು. ವಾಲ್ಟರ್ ಡ್ಯಾಂಡಿಯು ೧೯೧೯ರಲ್ಲಿ ಪ್ರಕಟಿಸಿದ ಈ ಕ್ರಮದಿಂದ ರೋಗಿಗೆ ಅಸಹನೀಯವಾದ ತಲೆನೋವೂ ವಾಂತಿಯೂ ಉಂಟಾಗುತ್ತಿದ್ದವು. ೧೯೭೧ನೆಯ ಅಕ್ಟೋಬರ್ ೧ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡನ ಯಂತ್ರವು ಒಬ್ಬ ರೋಗಿಣಿಯ ಮೆದುಳಿನ ಗೆಡ್ಡೆಯನ್ನು ಅಂಥ ಯಾತನೆಯಿಲ್ಲದೆ ತೋರಿಸಿತು. ಅಲನ್ ಕಾರ್ಮ್ಯಾಕನೊಡನೆ ಆತನಿಗೆ ೧೯೭೯ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಆದರೆ ಇಲ್ಲಿ ಅಪಾಯವು ಯಂತ್ರ ನಡೆಸುವವನಿಂದ ರೋಗಿಯ ಕಡೆಗೆ ಸರಿಯಿತು. ಕಣ್ಣಿಗೆ ಕಾಣುವ ಹುಣ್ಣಿನ ಸ್ಥಾನದಲ್ಲಿ ಸಂಭವದ ಲೆಕ್ಕವು ನಿಂತಿತು. ಹೊಟ್ಟೆಯ ಒಂದು ಸಿ.ಟಿ. ಪರೀಕ್ಷೆಯ ವಿಕಿರಣವು ಸುಮಾರು ೧೦ ಮಿಲಿಸೀವರ್ಟ್. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷವೊಂದಕ್ಕೆ ಬರುವುದು ಸರಾಸರಿ ೨.೪. ಬ್ರಿಟನ್ನಿನಲ್ಲಿ ಎಳೆವಯಸ್ಸಿನಲ್ಲಿ ಈ ಪರೀಕ್ಷೆಗೆ ಒಳಗಾದ ಸುಮಾರು ೧,೮೦,೦೦೦ ಮಂದಿಯನ್ನು ಕುರಿತು ೨೦೧೨ರಲ್ಲಿ ಪ್ರಕಟವಾದ ಅಧ್ಯಯನವು, ಹತ್ತು ವರ್ಷದೊಳಗಿನ ಮಕ್ಕಳ ತಲೆಯ ೧೦,೦೦೦ ಪರೀಕ್ಷೆಗಳಿಗೆ ಮುಂದಿನ ದಶಕದಲ್ಲಿ ರಕ್ತದ ಕ್ಯಾನ್ಸರೊಂದೂ ಮೆದುಳಿನ ಗೆಡ್ಡೆಯೊಂದೂ ಹೆಚ್ಚಾಗಬಹುದೆಂದು ಗಣಿಸಿತು. ಪರೀಕ್ಷೆಗೆ ಕಾರಣವಾದ ರೋಗಲಕ್ಷಣವೇ ಮುಂದಿನ ಗೆಡ್ಡೆಯ ಪೂರ್ವಸೂಚನೆಯಾಗಿರಬಹುದೆಂಬ ಆಕ್ಷೇಪವೂ ವಿದ್ವಾಂಸರಿಂದ ಬಂದಿದೆ, ಅದನ್ನು ತಳ್ಳಿಹಾಕಲಾಗದು.

ಈ ಚರಿತ್ರೆಯಿಂದ ತಿಳಿದುಬರುವುದಿಷ್ಟು: ತಲೆಗೆ ಪೆಟ್ಟು ಬಿದ್ದು ಪ್ರಜ್ಞೆತಪ್ಪಿದ ಮಗುವಿಗೆ ಪರೀಕ್ಷೆಯನ್ನು ನಿರಾಕರಿಸುವುದು ನಿಶ್ಚಿತವಾದ ಕೇಡನ್ನು ಬರಮಾಡಿಕೊಂಡಂತೆ, ಶ್ರವಣಾತೀತ ಧ್ವನಿಯಿಂದಲೇ ಅರಿಯಬಹುದಾದುದಕ್ಕೆ ಕಿರಣವನ್ನು ಹಾಯಿಸುವುದು ಅಕಾರಣವಾದ ಹಾನಿಗೆ ಎಡೆಗೊಟ್ಟಂತೆ. ಹ್ಯಾಂಬರ್ಗಿನ ಶಿಲೆಯಲ್ಲಿ ಹಾನಿಗೊಳಗಾದವರ ಹೆಸರುಗಳಿವೆ. ಸಿ.ಟಿ.ಯಿಂದ ಕೇಡಾದವರಿದ್ದರೆ ಅವರು ಇಂಥವರೇ ಎಂದು ಹೇಳಲು ಸಾಧ್ಯವಿಲ್ಲ; ಆದುದರಿಂದ ಅವರ ರಕ್ಷಣೆಯು ಪರೀಕ್ಷೆಯನ್ನು ಬರೆದುಕೊಡುವ ವೈದ್ಯನ ವಿವೇಕವನ್ನೇ ಅವಲಂಬಿಸಿದೆ.