ಅನಿಮಾಲ್ಕ್ಯೂಲ್: ಅರ್ಥ ಮತ್ತು ಬಳಕೆ

ನೀರು ಸೋಸಿ ಕುಡಿಯುವ ನಮ್ಮ ಆಚಾರದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಹಳೆಯ ಪುಸ್ತಕಗಳಲ್ಲಿ 'ಅನಿಮಾಲ್ಕ್ಯೂಲ್' ಎಂಬ ಪದ ಎದುರಾಗುವುದುಂಟು. ಇಂದಿನ ಪ್ರಾಣಿಶಾಸ್ತ್ರದಲ್ಲಿ ಇದು ಅಪರೂಪದ ಪದ. ಶಾಲೆಯ ಪಠ್ಯಗಳಲ್ಲಿ ಇತಿಹಾಸದ ಮಾತು ಬಂದಾಗ ಮಾತ್ರ ಕಾಣಿಸುತ್ತದೆ.

ಲ್ಯಾಟಿನ್ನಿನ 'ಅನಿಮಲ್' ಎಂದರೆ ಪ್ರಾಣಿ. ಅದಕ್ಕೆ ಚಿಕ್ಕದು ಎಂಬ ಅರ್ಥದ ಪ್ರತ್ಯಯ ಸೇರಿ 'ಅನಿಮಾಲ್ಕ್ಯುಲಂ', ಅಂದರೆ ಪುಟ್ಟ ಪ್ರಾಣಿ. ಇದರ ಬಹುವಚನ 'ಅನಿಮಾಲ್ಕ್ಯುಲಾ'. ಕೆಲವರು ಇದನ್ನೇ ಏಕವಚನವೆಂದು ಭಾವಿಸಿ 'ಅನಿಮಾಲ್ಕ್ಯುಲೇ' ಎಂದು ಬರೆದರು. ಅದು ತಪ್ಪು ರೂಪ. ಮೊದಮೊದಲು ಇಲಿ, ಕೀಟಗಳಂಥ ಕಣ್ಣಿಗೆ ಕಾಣುವ ಸಣ್ಣ ಜೀವಿಗಳಿಗೂ ಈ ಪದ ಸಲ್ಲುತ್ತಿತ್ತು.

ಅರ್ಥ ಬದಲಾದದ್ದು ಸೂಕ್ಷ್ಮದರ್ಶಕದಿಂದ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್ (1632–1723) ತಾವೇ ಉಜ್ಜಿ ಮಾಡಿದ ಮಸೂರದಿಂದ 1674ರಲ್ಲಿ ಕೆರೆಯ ನೀರನ್ನು, 1676ರಲ್ಲಿ ಕಾಳುಮೆಣಸು ನೆನೆಸಿದ ನೀರನ್ನು ನೋಡಿದರು. ಮೆಣಸಿನ ಖಾರಕ್ಕೆ ಕಾರಣವೇನೆಂದು ತಿಳಿಯಹೊರಟವರಿಗೆ ಕಂಡದ್ದು ಓಡಾಡುವ ಜೀವಿಗಳು! ಅವರು ಡಚ್ ಭಾಷೆಯಲ್ಲಿ 'ಪುಟ್ಟ ಪ್ರಾಣಿಗಳು' ಎಂದು ಬರೆದದ್ದಕ್ಕೆ ಈ ಲ್ಯಾಟಿನ್ ಪದ ಅಂಟಿಕೊಂಡಿತು. ಮುಂದೆ ರೋಟಿಫರ್‌ಗೆ 'ಚಕ್ರದ ಅನಿಮಾಲ್ಕ್ಯೂಲ್', ವರ್ಟಿಸೆಲ್ಲಾಗೆ 'ಗಂಟೆಯ ಅನಿಮಾಲ್ಕ್ಯೂಲ್' ಎಂಬ ಹೆಸರುಗಳು ಬಂದವು. ಬ್ಯಾಕ್ಟೀರಿಯಾ, ಏಕಕೋಶ ಜೀವಿ, ಬಹುಕೋಶದ ನಿಜವಾದ ಪ್ರಾಣಿ ಎಲ್ಲವೂ ಒಂದೇ ಪದದೊಳಗೆ ಸೇರಿದ್ದರಿಂದ, ವರ್ಗೀಕರಣ ಖಚಿತವಾದಂತೆ ವಿಜ್ಞಾನಿಗಳು ಇದನ್ನು ಕೈಬಿಟ್ಟರು.

ಇನ್ನು ನಮಗೆ ನೇರವಾಗಿ ತಟ್ಟುವ ವಿಷಯ. ಕ್ಯಾಪ್ಟನ್ ಸ್ಕೋರ್ಸ್‌ಬಿ ಎಂಬ ವಿಜ್ಞಾನಿ ಒಂದು ಹನಿ ನೀರಿನಲ್ಲಿ 36,450 ಜೀವಿಗಳನ್ನು ಕಂಡರೆಂದು ಪಾಠಶಾಲೆಯಲ್ಲೋ ಪ್ರವಚನದಲ್ಲೋ ಕೇಳದ ಜೈನ ಮನೆಗಳು ಕಡಿಮೆ. ವಿಲಿಯಂ ಸ್ಕೋರ್ಸ್‌ಬಿ (1789–1857) ಕಲ್ಪನೆಯ ವ್ಯಕ್ತಿಯಲ್ಲ. ಇಂಗ್ಲೆಂಡಿನವರು, ತಿಮಿಂಗಿಲ ಬೇಟೆಯ ಹಡಗಿನ ನಾಯಕರು (ಅಹಿಂಸೆಗೆ ಸಾಕ್ಷಿಯಾಗಿ ನಿಂತವರ ವೃತ್ತಿ ಇದು ಎಂಬುದು ವಿಚಿತ್ರವೇ ಸರಿ), ಆರ್ಕ್‌ಟಿಕ್ ಪ್ರದೇಶದ ಬಗ್ಗೆ 1820ರಲ್ಲಿ ಗ್ರಂಥ ಪ್ರಕಟಿಸಿದವರು. ಅವರು ಪರೀಕ್ಷಿಸಿದ್ದು ಬಾವಿಯ ನೀರನ್ನಲ್ಲ, ಜೀವಿಗಳಿಂದಲೇ ಹಳದಿ ಹಸಿರಾಗಿದ್ದ ಸಮುದ್ರದ ನೀರನ್ನು. ಅಳತೆಯ ಗಾಜಿನ ಒಂದೊಂದು ಚೌಕದಲ್ಲಿ ಸರಾಸರಿ 50 ಅನಿಮಾಲ್ಕ್ಯೂಲ್ ಇದ್ದವು. ಹನಿ ಹರಡಿದ್ದು 529 ಚೌಕಗಳಷ್ಟು. ಗುಣಿಸಿದರೆ 26,450. ಅವರು ಕೊಟ್ಟ ಅಂಕಿಯೂ ಅದೇ. ಎರಡು ಮೂರಾದದ್ದು ನಕಲಿನ ದಾರಿಯಲ್ಲಿ ಆದ ತಪ್ಪಿರಬೇಕು.

ಆದ್ದರಿಂದ ಮಕ್ಕಳಿಗೆ 'ಪ್ರತಿ ಹನಿ ನೀರಿನಲ್ಲೂ 36,450 ಜೀವಿಗಳು' ಎಂದು ಹೇಳಿಕೊಡುವುದು ಎರಡು ರೀತಿಯಲ್ಲಿ ತಪ್ಪು. ಅಂಕಿ ತಪ್ಪು, ನೀರೂ ಬೇರೆ. ಶಾಲೆಯ ಪ್ರಯೋಗಾಲಯದಲ್ಲಿ ನಲ್ಲಿ ನೀರಿನ ಹನಿ ನೋಡಿ ಬಂದ ಮಗು, ಮನೆಯಲ್ಲಿ ಕೇಳಿದ ಉಳಿದ ಮಾತನ್ನೂ ಅನುಮಾನಿಸತೊಡಗಿದರೆ ದೂರುವುದು ಯಾರನ್ನು? ನೀರು ಗಾಳಿಸುವ ನಿಯಮ ಈ ಅಂಕಿಯನ್ನು ನೆಚ್ಚಿಕೊಂಡು ಹುಟ್ಟಿದ್ದಲ್ಲ.

ಅನುವಾದದಲ್ಲೂ ಎಚ್ಚರ ಬೇಕು. ಅನಿಮಾಲ್ಕ್ಯೂಲ್ ಎಂದರೆ ನಿಗೋದ ಎಂದು ಬರೆಯುವವರಿದ್ದಾರೆ. ನಿಗೋದ ಎಂದರೆ ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡಿರುವ ಸಾಧಾರಣ ವನಸ್ಪತಿಕಾಯ. ಆಹಾರ, ಉಸಿರು, ಹುಟ್ಟು, ಸಾವು ಎಲ್ಲವೂ ಅವಕ್ಕೆ ಒಟ್ಟಿಗೆ. ಅದರಲ್ಲೂ ಸೂಕ್ಷ್ಮ ನಿಗೋದ ಯಾವ ಮಸೂರಕ್ಕೂ ಸಿಗುವಂಥದ್ದಲ್ಲ. ಅಪ್ಕಾಯ ಜೀವಕ್ಕೆ ನೀರೇ ಶರೀರ, ಅದೂ ಬೇರೆ. ನೀರಿನಲ್ಲಿ ಓಡಾಡುವ ರೋಟಿಫರ್‌ನಂಥವನ್ನು ತ್ರಸ ಜೀವಕ್ಕೆ ಹೋಲಿಸಬಹುದು. ಆದರೆ ಇಂದ್ರಿಯಗಳನ್ನು ಎಣಿಸುವ ಆಗಮದ ಕ್ರಮವೂ ಕೋಶಗಳನ್ನು ನೋಡುವ ವಿಜ್ಞಾನದ ಕ್ರಮವೂ ಒಂದಕ್ಕೊಂದು ಅಳತೆಗೋಲಲ್ಲ. ಹಳೆಯ ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುವವರು 'ಸೂಕ್ಷ್ಮಜೀವಿ' ಎಂದು ಬರೆದರೆ ಸಾಕು. ಸ್ಕೋರ್ಸ್‌ಬಿಯವರ ಹೆಸರು ಹೇಳುವುದಾದರೆ 26,450 ಎಂದೂ, ಅದು ಸಮುದ್ರದ ನೀರೆಂದೂ ಸೇರಿಸಬೇಕು.