ಮಂಡ್ಯ ಸೀಮೆಯ ಹಳೆಯ ನಾಣ್ಯಗಳ ಬೆಲೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಇತಿಹಾಸಕ್ಕೆ ಶಾಸನಗಳಂತೆಯೇ ನಾಣ್ಯಗಳೂ ಆಧಾರಗಳಾಗಿವೆ. ಶ್ರೀರಂಗಪಟ್ಟಣದ ಟಂಕಸಾಲೆ ಈ ಸೀಮೆಗೆ ಸಮೀಪದಲ್ಲಿದ್ದಿತು. ಅಲ್ಲಿಂದ ಬೆಂಗಳೂರಿಗೆ ಹೋಗುವ ದಾರಿ ಮಂಡ್ಯ ಮದ್ದೂರುಗಳ ಮೇಲೆ ಹಾದಿತ್ತು. 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯವೂ ಜನರಲ್ ಹ್ಯಾರಿಸನ ಸೈನ್ಯವೂ ಮಳವಳ್ಳಿಯ ಬಳಿ ಕಾದಿದವು. ಕಂದಾಯ, ವ್ಯಾಪಾರ, ದಂಡು ಈ ಮೂರರಿಂದಲೂ ಹಣ ಓಡಾಡಿದ ನೆಲವಿದು.

ಹಳೆಯ ನಾಣ್ಯಕ್ಕೆ ಪೇಟೆಯಲ್ಲಿ ಬೆಲೆ ಕಟ್ಟುವವರು ಲೋಹ, ಸವಕಳಿ, ಅಪರೂಪತೆ ಇವುಗಳನ್ನು ನೋಡುತ್ತಾರೆ. ಇತಿಹಾಸಕಾರನು ಇವುಗಳೊಂದಿಗೆ ಅದು ಎಲ್ಲಿ, ಯಾವ ನಾಣ್ಯಗಳ ಜೊತೆಯಲ್ಲಿ ದೊರೆಯಿತೆಂಬುದನ್ನೂ ಕೇಳಬೇಕು. ಈ ಎರಡನೆಯ ಬೆಲೆಯೇ ಹಿರಿದೆಂಬುದು ನಮ್ಮ ಅಭಿಪ್ರಾಯ.

ಕಂಠೀರಾಯಿ ಹಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸುಮಾರು 0.35 ಗ್ರಾಂ ತೂಕದ ಈ ಚಿನ್ನದ ನಾಣ್ಯದ ಒಂದು ಬದಿಯಲ್ಲಿ ಕುಳಿತ ನರಸಿಂಹನ ಮೂರ್ತಿಯೂ ಮತ್ತೊಂದು ಬದಿಯಲ್ಲಿ ಶ್ರೀ ಕಂಠೀರವ ಎಂಬ ನಾಗರೀ ಬರಹವೂ ಇವೆ. ಇದನ್ನು ಮೊದಲು ಟಂಕಿಸಿದವನು ಕಂಠೀರವ ನರಸರಾಜ ಒಡೆಯರು (1638–1659). ಆದರೆ 1799ರ ಅನಂತರ ದಿವಾನ್ ಪೂರ್ಣಯ್ಯನವರ ಕಾಲದಲ್ಲಿಯೂ ಈ ಮಾದರಿಯ ಹಣಗಳು ಹೊರಟವು. ಆದ್ದರಿಂದ ಬಿಡಿಯಾಗಿ ಸಿಕ್ಕ ಹಣವೊಂದು ತನ್ನ ಕಾಲವನ್ನು ತಾನೇ ಖಚಿತವಾಗಿ ಹೇಳಲಾರದು.

ಅದೇ ಹಣ ಒಂದು ಕುಡಿಕೆಯಲ್ಲಿ ಟಿಪ್ಪುವಿನ ಆನೆಯ ಮುದ್ರೆಯ ಪೈಸೆಯೊಡನೆ ದೊರೆತರೆ ಸ್ಥಿತಿ ಬೇರೆ. ಆ ಪೈಸೆಯ ಮೇಲೆ 1226ನೆಯ ವರ್ಷವಿದ್ದರೆ ಕುಡಿಕೆಯನ್ನು ಹೂಳಿದ್ದು 1798ಕ್ಕಿಂತ ಹಿಂದೆ ಅಲ್ಲವೆಂದು ನಿರ್ಧರಿಸಬಹುದು. ಇಲ್ಲಿ ಎಚ್ಚರ ಅವಶ್ಯ. ಟಿಪ್ಪು 1787ರ ಸುಮಾರಿನಿಂದ ಮೌಲೂದಿ ಶಕವನ್ನು ಬಳಸಿ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಇದನ್ನರಿಯದೆ 1226ನ್ನು ಹಿಜರಿ ಶಕವೆಂದು ಎಣಿಸಿದರೆ ಕ್ರಿ.ಶ. 1811 ಬರುತ್ತದೆ. ಆ ವೇಳೆಗೆ ಸುಲ್ತಾನನು ಮಡಿದು ಹನ್ನೆರಡು ವರ್ಷಗಳಾಗಿದ್ದವು! ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು ಅದೇ ಕುಡಿಕೆಯಲ್ಲಿದ್ದರೆ ಕಾಲ ಇನ್ನೂ ಈಚೆಗೆ ಬರುತ್ತದೆ. ಹೀಗೆ ಗುಂಪಿನ ಕೊನೆಯ ನಾಣ್ಯವೇ ಇಡೀ ಗುಂಪಿನ ಸಾಕ್ಷಿ.

ಈ ಸಾಕ್ಷಿ ಅಳಿಯುವುದು ಸುಲಭ. ಹೊನ್ನು ಅಕ್ಕಸಾಲಿಗನ ಮೂಸೆಗೆ ಹೋಗುತ್ತದೆ. ತಾಮ್ರದ ಕಾಸು ಬಿಡಿಬಿಡಿಯಾಗಿ ಮಾರಾಟವಾಗುತ್ತದೆ. ಹೊಳಪಿಗಾಗಿ ಹುಣಸೆಹಣ್ಣಿನಿಂದ ತಿಕ್ಕುವುದರಿಂದ ಅಕ್ಷರಗಳು ಸವೆಯುತ್ತವೆ. ಕರ್ನಾಟಕದಲ್ಲಿ 1962ರ ನಿಧಿ ಕಾಯಿದೆ ಇದೆ. ನೆಲದಲ್ಲಿ ನಿಧಿ ಕಂಡವರು ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ಆದರೆ ಕಾಯಿದೆಯೊಂದರಿಂದಲೇ ಕೆಲಸ ಸಾಗದು. ಈ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿರುವ ನಾಣ್ಯಗಳ ತೂಕ, ಎರಡು ಬದಿಗಳ ಚಿತ್ರ, ದೊರೆತ ಹೊಲ, ಜೊತೆಗಿದ್ದ ವಸ್ತುಗಳು ಇವನ್ನು ಬರೆದಿಡಬೇಕು. ನಾಣ್ಯವು ಮನೆಯವರಲ್ಲಿಯೇ ಉಳಿಯಲಿ. ಅದರ ವಿವರ ಮಾತ್ರ ಇತಿಹಾಸಕ್ಕೆ ಸಲ್ಲಲಿ.